ಗುಲಾಬಿಯ ಕೆಳಗಿನ ರಜೆ

ಕಚೇರಿಯೊಂದರ ಮುದಿ ಜವಾನನಿಗೆ ಹೆಂಡತಿಯ ಕಣ್ಣಿನ ಆಪರೇಷನ್ನಿಗಾಗಿ ಎರಡು ದಿನ ರಜೆ ಬೇಕಿತ್ತು. ಕೇಳಲು ಹೋದರೆ ಸಾಹೇಬರು ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಇದು ಇಂಟರ್ನೆಟ್ ಕಾಲ ಕಣಯ್ಯ. ಬಾಯಿಮಾತು ನಡೆಯಲ್ಲ. ಏನಿದ್ದರೂ ಆಫೀಸಿನ ಗ್ರೂಪಿಗೆ ಹಾಕು.”

ಜಿಲ್ಲೆಯ ದೊಡ್ಡ ಸಾಹೇಬರೂ ಇದ್ದ ಗ್ರೂಪು ಅದು. ಜವಾನ ಹಾಕಿದ. ಉತ್ತರವಿಲ್ಲ. ಮತ್ತೆ ಹಾಕಿದ. ಆಗಲೂ ಇಲ್ಲ. ಆದರೆ ಯಾರಾದರೂ ಹೂವಿನ ಚಿತ್ರ ಹಾಕಿ ಶುಭೋದಯ ಎಂದರೆ ಸಾಕು, ಸಾಹೇಬರು ಕೂಡಲೇ ಹೆಬ್ಬೆರಳಿನ ಗುರುತು ಒತ್ತುತ್ತಿದ್ದರು.

ಜವಾನ ನಿಟ್ಟುಸಿರು ಬಿಟ್ಟ. ದೊಡ್ಡದೊಂದು ಗುಲಾಬಿ ಹುಡುಕಿ, ಅದರ ಕೆಳಗೆ ಬರೆದ: ‘ಶುಭೋದಯ. ನಾಳೆ, ನಾಡಿದ್ದು ನನಗೆ ರಜೆ ಕೊಡಬೇಕು.’

ಹೆಬ್ಬೆರಳು ಬಂತು. ಅವನು ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ.

ತಿರುಗಿ ಬಂದಾಗ ಸಾಹೇಬರು ಕೆಂಡವಾಗಿದ್ದರು. “ಯಾರನ್ನು ಕೇಳಿ ಹೋದೆ?”

ಜವಾನ ಗುಲಾಬಿ ತೋರಿಸಿದ, ಹೆಬ್ಬೆರಳನ್ನೂ ತೋರಿಸಿದ.

“ಅಯ್ಯೋ, ನಾನದನ್ನು ಓದಲೇ ಇಲ್ಲವಲ್ಲೋ!”

“ಬಾಯಿಮಾತು ನಡೆಯಲ್ಲ ಸ್ವಾಮಿ. ಓದಲಿಲ್ಲ ಅಂತ ಗ್ರೂಪಿಗೆ ಹಾಕಿಬಿಡಿ.”

ಸಾಹೇಬರಿಗೆ ದೊಡ್ಡ ಸಾಹೇಬರ ನೆನಪಾಯಿತು. ಮೊಬೈಲು ಕೆಳಗಿಟ್ಟರು. ಎಷ್ಟೋ ದಿನಗಳ ಮೇಲೆ ಜವಾನನ ಮುಖ ನೋಡಿ, ಮೆಲ್ಲಗೆ ಕೇಳಿದರು: “ಹೆಂಡತಿ ಕಣ್ಣು ಹೇಗಿದೆಯಯ್ಯ?”

“ಚೆನ್ನಾಗಿದೆ ಸ್ವಾಮಿ. ಈಗ ಹೂವಿನ ಕೆಳಗಿನ ಅಕ್ಷರವನ್ನೂ ಓದುತ್ತಾಳೆ.”