ಅಜ್ಜಿ ಬೆರೆಸಿದ ಒಂದು ಚಿಟಿಕೆ

ಮಕ್ಕಳೇ, ಕಾಡಂಚಿನ ಕರಿಮಣ್ಣಿನ ಹೊಲದಲ್ಲಿ ಒಂದು ಬದುವಿತ್ತು. ಬದುವಿನ ಈಚೆಗೆ ಗೋಧಿ, ಆಚೆಗೆ ಬಿಳಿಜೋಳ. ಅಲ್ಲೊಂದು ಬಿಲ ತೋಡಿಕೊಂಡು ಸಂಗವ್ವ ಎಂಬ ಇಲಿ ಅಜ್ಜಿ, ಸೊಸೆ ನೀಲವ್ವ ಮತ್ತು ಮೊಮ್ಮಗ ಮಲ್ಲನ ಜೊತೆ ಇದ್ದಳು. ಅದೇ ಬದುವಿನ ಪೊದೆಯಲ್ಲಿ ಒಂದು ಕೇರೆ ಹಾವೂ ಇತ್ತು! ಮಲ್ಲನ ಅಪ್ಪನನ್ನು ನುಂಗಿದ್ದು ಅದೇ. ಅಂದಿನಿಂದ ಒಣಗಿದ ಎಲೆ ಸರಕ್ ಎಂದರೂ ಅಜ್ಜಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ನನ್ನ ಮೊಮ್ಮಗ ಗಟ್ಟಿಮುಟ್ಟಾಗಬೇಕು, ಕೇರೆಗೆ ಸಿಗದ ಹಾಗೆ ಓಡಬೇಕು" ಎಂದು ಅಜ್ಜಿ ಹೊತ್ತುಹೊತ್ತಿಗೂ ಅವನಿಗೆ ಗೋಧಿ ತಿನ್ನಿಸಿದಳು. ಆದರೆ ಮಲ್ಲನ ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಉಬ್ಬಿ ಗುಡಾಣವಾಯಿತು. ನೀಲವ್ವ ಹೆದರಿ, ನಾರುಬೇರು ಬಲ್ಲ ಮುಳ್ಳುಹಂದಿ ಮಾವನನ್ನು ಕರೆತಂದಳು.

ಮಾವ ಹೊಟ್ಟೆ ಒತ್ತಿ ನೋಡಿ ಹೇಳಿದ: "ಗೋಧಿ ಅಗಿದರೆ ಹಲ್ಲಿಗೆ ಅಂಟು ಹತ್ತುತ್ತದಲ್ಲ, ಆ ಅಂಟು ಈ ಕೂಸಿನ ಕರುಳಿಗೆ ಆಗೋದಿಲ್ಲ. ನಮಗೆ ಅದು ಅನ್ನ, ಇವನಿಗೆ ವಿಷ. ಜೋಳ ಕೊಡಿ, ನವಣೆ ಕೊಡಿ. ಗೋಧಿ ಒಂದು ಚೂರೂ ಬೇಡ."

"ಅಯ್ಯೋ, ಕೇಳಿದಿರಾ ಮಾತು!" ಎಂದಳು ಅಜ್ಜಿ. "ಹಲ್ಲು ಬಂದಾಗಿನಿಂದ ತಿಂದವಳು ನಾನು, ನನಗೇನಾಗಿದೆ? ಗೋಧಿ ಬಿಟ್ಟರೆ ಕೂಸಿಗೆ ಶಕ್ತಿ ಎಲ್ಲಿಂದ ಬರಬೇಕು?"

"ಅತ್ತೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಕೊಡಬೇಡಿ" ಎಂದು ನೀಲವ್ವ ಅಂಗಲಾಚಿದಳು.

ಅಜ್ಜಿ ಹೂಂ ಎಂದಳು. ಜೋಳ ತಿನ್ನುತ್ತ ತಿನ್ನುತ್ತ ಮಲ್ಲನ ಹೊಟ್ಟೆ ಇಳಿಯಿತು, ಮುಖಕ್ಕೆ ಕಳೆ ಬಂತು. ಇಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಹೊರಗೆ ಕೇರೆ ಸರಿದಾಡಿದಾಗಲೆಲ್ಲ ಅಜ್ಜಿಗೆ ಜೀವ ಬಾಯಿಗೆ ಬರುತ್ತಿತ್ತು. 'ಬರೀ ಜೋಳ ತಿಂದು ಇವನು ಎಷ್ಟು ದೂರ ಓಡಿಯಾನು? ಒಂದು ಚಿಟಿಕೆ ಗೋಧಿ ಏನು ಮಾಡೀತು?' ಎಂದುಕೊಂಡು, ಸೊಸೆ ಇಲ್ಲದಾಗ ಜೋಳದ ನುಚ್ಚಿಗೆ ಗೋಧಿ ಪುಡಿ ಬೆರೆಸಿದಳು. ಮರುದಿನವೂ ಬೆರೆಸಿದಳು. ಅದೇ ರೂಢಿಯಾಯಿತು.

ಹೊಟ್ಟೆ ಮತ್ತೆ ಉಬ್ಬತೊಡಗಿತು. "ಬೆಳೆಯೋ ಕೂಸು, ಇರಲಿ ಬಿಡು" ಎಂದಳು ಅಜ್ಜಿ, ಸೊಸೆಯ ಮುಖ ನೋಡದೆ.

ಒಂದು ಮಧ್ಯಾಹ್ನ ಬಿಲದ ಬಾಗಿಲು ಇದ್ದಕ್ಕಿದ್ದಂತೆ ಕತ್ತಲಾಯಿತು. ಕೇರೆ ಒಳಗೇ ಬಂದಿತ್ತು!

"ಹಿಂದಿನ ಕಿಂಡಿ! ಓಡಿ!" ಎಂದು ಕೂಗಿ ನೀಲವ್ವ ಕಿಂಡಿಯ ಮಣ್ಣು ನೂಕಿ ಹೊರಬಿದ್ದಳು. ಅವಳ ಹಿಂದೆ ಮಲ್ಲ ತಲೆ ತೂರಿಸಿದ, ಭುಜ ತೂರಿಸಿದ. ಹೊಟ್ಟೆ ಸಿಕ್ಕಿಕೊಂಡಿತು.

"ಅಜ್ಜೀ, ಆಗ್ತಾ ಇಲ್ಲ! ಹೊಟ್ಟೆ ನೋಯ್ತಿದೆ! ನಾನು ಗೋಧಿ ಮುಟ್ಟೇ ಇಲ್ಲ ಅಜ್ಜಿ, ನಿನ್ನಾಣೆ!"

ಅಜ್ಜಿಯ ಬೆನ್ನ ಹಿಂದೆ ಬುಸ್ ಎಂಬ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು. ಕೂಸನ್ನು ಹಾವಿನ ಬಾಯಿಗೆ ಕೊಟ್ಟವಳು ತಾನೇ ಎಂದು ಅವಳಿಗೆ ಆಗ ಗೊತ್ತಾಯಿತು.

"ಉಸಿರು ಬಿಡೋ ಕಂದಾ! ನೀಲವ್ವಾ, ಎಳೆ ತಾಯಿ, ಎಳೆ!"

ಅಜ್ಜಿ ಕಿಂಡಿಯ ಅಂಚನ್ನು ಹಲ್ಲಿನಿಂದ ಕಡಿದಳು, ತಲೆಯಿಂದ ಮೊಮ್ಮಗನನ್ನು ದಬ್ಬಿದಳು. ಹಾವಿನ ಹಲ್ಲು ಅವಳ ಬಾಲವನ್ನು ಕಚ್ಚಿ ಹಿಡಿಯಿತು. ಅವಳು ಚೀರಿದಳು, ದಬ್ಬುವುದನ್ನು ಮಾತ್ರ ಬಿಡಲಿಲ್ಲ. ಸರ್ರನೆ ಮಲ್ಲ ಹೊರಗೆ ಜಾರಿದ. ಬಾಲ ಹರಿದುಕೊಂಡು ಅಜ್ಜಿಯೂ ಹೊರಗೆ ಬಂದು ಬಿದ್ದಳು. ಮೂವರೂ ಎದ್ದೆನೋ ಬಿದ್ದೆನೋ ಎಂದು ಮುಳ್ಳುಹಂದಿ ಮಾವನ ಗುಹೆ ಸೇರಿದರು. ಆ ಮುಳ್ಳುಗಳ ಹತ್ತಿರ ಬರಲು ಕೇರೆಗೆ ಧೈರ್ಯವಾಗಲಿಲ್ಲ.

ಅಜ್ಜಿ ನಡೆದದ್ದನ್ನೆಲ್ಲ ಹೇಳಿ ಅತ್ತಳು. ನೀಲವ್ವ ಅತ್ತೆಗೆ ಬೆನ್ನು ತಿರುಗಿಸಿ ಮಗನ ಹೊಟ್ಟೆ ನೀವುತ್ತ ಕೂತಳು. ಕೊನೆಗೆ ಬೇರು ಅರೆದು ಅತ್ತೆಯ ಗಾಯಕ್ಕೆ ಹಚ್ಚಿದಳು.

ಇವತ್ತಿಗೂ ಸಂಗವ್ವ ಗೋಧಿ ಮುಟ್ಟಿದ ಕೈ ತೊಳೆಯದೆ ಮೊಮ್ಮಗನ ಜೋಳ ಮುಟ್ಟುವುದಿಲ್ಲ. ನೆರೆಯ ಮರಿಗಳು "ಅಜ್ಜಿ, ನಿನ್ನ ಬಾಲ ಎಲ್ಲಿ?" ಎಂದರೆ, "ಒಂದು ಚಿಟಿಕೆ ಗೋಧಿಗೆ ಕೊಟ್ಟೆ ಮಕ್ಕಳೇ, ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ" ಎಂದು ಮಲ್ಲನನ್ನು ಹತ್ತಿರ ಎಳೆದುಕೊಳ್ಳುತ್ತಾಳೆ.

ನೀತಿ: ಒಬ್ಬರ ಅನ್ನ ಇನ್ನೊಬ್ಬರಿಗೆ ವಿಷವಾದೀತು, ಪ್ರೀತಿಯಿಂದ ಬೆರೆಸಿದರೂ ವಿಷ ವಿಷವೇ.