ನುಗ್ಗೆ ತನ್ನ ಚೇಗನ್ನು ಹಿಂದಕ್ಕೆ ಕೊಟ್ಟಿದ್ದು

ಭೂಮಿ ಆಗಿನ್ನೂ ಹೊಸದು. ಹೊಳೆಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ ಹರಿಯುತ್ತಿದ್ದವು. ಮರಗಳು ಮಾತಾಡುತ್ತಿದ್ದವು, ಮನುಷ್ಯರು ಕೇಳಿಸಿಕೊಳ್ಳುತ್ತಿದ್ದರು.

ಆ ಕಾಲದಲ್ಲಿ ಎಲ್ಲಕ್ಕಿಂತ ಗಟ್ಟಿ ಮರ ಯಾವುದು ಗೊತ್ತಾ ಪುಟ್ಟೀ? ನಮ್ಮ ನುಗ್ಗೆ. ನಗಬೇಡ, ನಿಜ ಹೇಳುತ್ತಿದ್ದೇನೆ. ಮರದ ನಟ್ಟನಡುವೆ ಕಪ್ಪಗೆ, ಕಲ್ಲಿನಷ್ಟು ಗಟ್ಟಿಯಾಗಿ ಇರುತ್ತದಲ್ಲ, ಅದನ್ನು ಚೇಗು ಅನ್ನುತ್ತಾರೆ. ಭೂಮಿತಾಯಿ ಎಲ್ಲ ಮರಗಳಿಗೂ ತನ್ನ ಒಡಲಿಂದ ಚೇಗು ಕೊಟ್ಟಳು. ನುಗ್ಗೆಗೆ ಮಾತ್ರ ಕೈತುಂಬ ಕೊಟ್ಟಳು.

ದೇವೀರಮ್ಮ ಎಂಬ ಹೆಂಗಸು ಹೊಸದಾಗಿ ಮನೆ ಕಟ್ಟಿದಳು. ಸುತ್ತಲೂ ಬೋಳು ನೆಲ. ತಲೆಬಾಗಿಲ ಮುಂದೆ ತಾನೇ ತಾನಾಗಿ ಹುಟ್ಟಿದ ಒಂದು ನುಗ್ಗೆ ಗಿಡ ಬಿಟ್ಟರೆ ಹಸಿರು ಅನ್ನುವುದೇ ಇರಲಿಲ್ಲ. ಅವಳ ಮಗಳು ನಿಂಗಿ ದಿನಾ ಆ ಗಿಡಕ್ಕೆ ನೀರು ಹಾಕುತ್ತಿದ್ದಳು, ಅದರ ಜೊತೆ ಹರಟೆ ಹೊಡೆಯುತ್ತಿದ್ದಳು. ಮೊದಲ ವರ್ಷ ಆ ಮನೆಯವರು ಬದುಕಿದ್ದೇ ನುಗ್ಗೆಸೊಪ್ಪಿನ ಸಾರಿನಲ್ಲಿ.

ಒಂದು ದಿನ ನುಗ್ಗೆ ಕೇಳಿತು, "ದೇವೀರವ್ವ, ನಾನು ದೊಡ್ಡದಾದ ಮೇಲೆ ನಿಂಗಿ ಉಯ್ಯಾಲೆನ ನನ್ನ ಕೊಂಬೆಗೇ ಕಟ್ತೀಯಾ?"

"ನಿನಗಲ್ದೆ ಇನ್ಯಾರಿಗೆ ಕಟ್ಲಿ? ಚೆನ್ನಾಗಿ ಬೆಳಿ, ಸಾಕು," ಅಂದಳು ದೇವೀರಮ್ಮ.

ಅಷ್ಟೇ. ನುಗ್ಗೆಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ. ಆ ಮಗುವಿನ ಭಾರ ಹೊರಬೇಕು, ಅದಕ್ಕಾಗಿ ಕೊಂಬೆ ಗಟ್ಟಿ ಮಾಡಿಕೊಳ್ಳಬೇಕು. ಹಗಲೂ ರಾತ್ರಿ ಅದೊಂದೇ ಧ್ಯಾನ.

ಆಮೇಲೆ ದೇವೀರಮ್ಮನಿಗೆ ಕೈತೋಟದ ಹುಚ್ಚು ಹತ್ತಿತು. ಜಗಲಿಯ ಮೇಲೆ ಕೂತು ಬೆರಳು ತೋರಿಸಿ ತೋರಿಸಿ ತೋಟ ಮಾಡಿದಳು. ಅಂಗಳದ ನಡುವೆ ತುಳಸಿ, ಕಿಟಕಿಯ ಪಕ್ಕ ಮಲ್ಲಿಗೆ, ಬಚ್ಚಲ ನೀರು ಹೋಗುವ ಕಡೆ ಬಾಳೆ, ಅಡುಗೆಮನೆ ಬಾಗಿಲಿಗೆ ಕೈಗೆಟಕುವ ಹಾಗೆ ಕರಿಬೇವು, ಮೂಲೆಗೊಂದು ದಾಸವಾಳ, ಮುಂದಿನ ಬೇಲಿಯ ಹತ್ತಿರ ಹೊಂಗೆ. ಚೆಂದವೇ ಇತ್ತು, ಇಲ್ಲ ಅನ್ನುವುದಿಲ್ಲ.

ಆಚೆಮನೆ ಸಾಕವ್ವ ತೋಟ ನೋಡಲು ಬಂದಳು. ನೋಡಲು ಬಂದವರು ಸುಮ್ಮನೆ ನೋಡಿ ಹೋಗುತ್ತಾರಾ?

"ಅಯ್ಯೋ, ತಲೆಬಾಗಿಲ ಮುಂದೆ ನುಗ್ಗೆನಾ? ಕಂಬಳಿಹುಳ ಬೀಳುತ್ತೆ ಕಣೇ. ಬಂದೋರು ಏನಂದ್ಕೊಂಡಾರು?"

ದೇವೀರಮ್ಮ ಗುದ್ದಲಿ ತಂದಳು. ನುಗ್ಗೆಯನ್ನು ಕಿತ್ತು ಮನೆಯ ಪಕ್ಕಕ್ಕೆ ನೆಟ್ಟಳು. ಬೇರು ಹರಿಯಿತು, ನೋವಾಯಿತು. "ಇರಲಿ, ಇಲ್ಲಿಂದಲೂ ನಿಂಗಿ ಕಾಣ್ತಾಳೆ," ಎಂದು ನುಗ್ಗೆ ಸಮಾಧಾನ ಮಾಡಿಕೊಂಡಿತು. "ಉಯ್ಯಾಲೆ ಕಟ್ತೀಯಲ್ಲ?" ಎಂದು ಕೇಳಿತು.

"ಕಟ್ತೀನಿ, ಸುಮ್ನಿರು."

ಪಕ್ಕದಲ್ಲಿದ್ದ ಮಲ್ಲಿಗೆ ಮುಖ ಸಿಂಡರಿಸಿತು. "ಇದರ ನೆರಳು ನನ್ನ ಮೇಲೆ ಬೀಳುತ್ತೆ. ನಾನು ಮೊಗ್ಗು ಬಿಡಲ್ಲ ನೋಡು." ಮತ್ತೆ ಗುದ್ದಲಿ ಬಂತು, ಮತ್ತೆ ಬೇರು ಹರಿಯಿತು. ನುಗ್ಗೆ ಮೂಲೆಗೆ ಹೋಯಿತು. ಅಲ್ಲಿ ದಾಸವಾಳ ತಕರಾರು ತೆಗೆಯಿತು. ಮತ್ತೆ ಗುದ್ದಲಿ. ಕೊನೆಗೆ ಹಿತ್ತಿಲಲ್ಲಿ, ಪಾತ್ರೆ ತೊಳೆದ ಬೂದಿನೀರು ನಿಲ್ಲುವ ಜಾಗದಲ್ಲಿ ನುಗ್ಗೆಯನ್ನು ನಿಲ್ಲಿಸಿದರು. ಸೊಪ್ಪು ಕಿತ್ತುಕೊಳ್ಳುವುದನ್ನು ಮಾತ್ರ ಒಂದು ದಿನವೂ ನಿಲ್ಲಿಸಲಿಲ್ಲ.

ಆದರೂ ಅದು ಬೆಳೆಯಿತು. ದೊಡ್ಡ ಮರವಾಯಿತು. ಹಿತ್ತಿಲಲ್ಲೇ ನಿಂತು ಕಾಯಿತು.

ಒಂದು ಮಧ್ಯಾಹ್ನ ಗಾಳಿ ಮನೆ ಸುತ್ತಿಕೊಂಡು ಬಂತು. ನುಗ್ಗೆ ಕೇಳಿತು, "ಮುಂದುಗಡೆ ಏನಪ್ಪ ಅಷ್ಟು ಗದ್ದಲ?"

"ನಿನಗೆ ಗೊತ್ತಿಲ್ವಾ? ಬೇಲಿ ಹತ್ರ ಹೊಂಗೆ ಮರ ಇದೆಯಲ್ಲ, ಅದಕ್ಕೆ ಉಯ್ಯಾಲೆ ಕಟ್ಟಿದ್ದಾರೆ. ನಿಂಗಿನ ತೂಗಿ ತೂಗಿ ನನಗೇ ಸುಸ್ತಾಯ್ತು."

ನಿಂಗಿಯ ನಗು ಹಿತ್ತಿಲವರೆಗೂ ಕೇಳಿಸಿತು. ನುಗ್ಗೆಗೆ ಹೊಟ್ಟೆ ಉರಿಯಿತು. ಉರಿಯದೆ ಇರುತ್ತದಾ? ನನಗಾಗಿದ್ದರೂ ಉರಿಯುತ್ತಿತ್ತು.

"ಅಮ್ಮಾ," ಎಂದು ಅದು ಭೂಮಿತಾಯಿಯನ್ನು ಕರೆಯಿತು. "ನೀನು ಕೊಟ್ಟ ಚೇಗು ನನಗೆ ಬೇಡ. ಯಾರಿಗೋಸ್ಕರ ಗಟ್ಟಿಯಾಗಿರಲಿ? ತಗೊಂಡುಬಿಡು."

"ಕೋಪದಲ್ಲಿ ಕೊಡಬೇಡ ಮಗಾ. ಒಂದು ಸಲ ತಗೊಂಡರೆ ಮತ್ತೆ ಕೊಡೋಕೆ ನನ್ನ ಕೈಲಾಗಲ್ಲ."

"ತಗೋ ಅಂದೆನಲ್ಲ!"

ಭೂಮಿತಾಯಿ ತಗೊಂಡಳು. ಬೇರಿನಿಂದ ಚೇಗೆಲ್ಲ ಮಣ್ಣಿಗೆ ಇಳಿಯಿತು. ನುಗ್ಗೆಯ ಒಳಗೆ ಬೆಂಡು ಮಾತ್ರ ಉಳಿಯಿತು. ಹೊರಗಿನಿಂದ ನೋಡಿದರೆ ಅದೇ ಮರ, ಅದೇ ಕೊಂಬೆ.

ಸ್ವಲ್ಪ ಹೊತ್ತಿಗೆ ನಿಂಗಿ ಹಿತ್ತಿಲಿಗೆ ಓಡಿ ಬಂದಳು. ಕೈಯಲ್ಲಿ ಹಗ್ಗ. ಹೊಂಗೆಯಿಂದ ತಾನೇ ಬಿಚ್ಚಿಕೊಂಡು ಬಂದಿದ್ದಳು.

"ನುಗ್ಗಣ್ಣಾ, ನನಗೆ ಆ ಮರ ಬೇಡ. ಅದು ನನ್ನ ಜೊತೆ ಮಾತೇ ಆಡಲ್ಲ. ಇಲ್ಲೇ ಕಟ್ಕೋತೀನಿ," ಎನ್ನುತ್ತಾ ಸರಸರ ಹತ್ತಿದಳು.

"ಇಳಿಯೇ ನಿಂಗೀ, ಇಳಿ!" ಎಂದು ನುಗ್ಗೆ ಕೂಗಿತು. ತಮಾಷೆ ಮಾಡುತ್ತಿದೆ ಅಂದುಕೊಂಡು ಅವಳು ಇನ್ನೂ ಮೇಲಕ್ಕೆ ಹೋದಳು. "ಅಮ್ಮಾ, ಕೊಡಮ್ಮಾ, ಇದೊಂದು ಸಲ ಕೊಡಮ್ಮಾ!" ಎಂದು ನುಗ್ಗೆ ಭೂಮಿತಾಯಿಯನ್ನು ಬೇಡಿತು. ಭೂಮಿತಾಯಿ ಅತ್ತಳು. ಅವಳ ಕೈಯಲ್ಲಿ ಆಗುತ್ತಿರಲಿಲ್ಲ.

ಲಟಕ್ ಎಂದಿತು ಕೊಂಬೆ. ನಿಂಗಿ ಬಿದ್ದಳು. ಅವಳ ಕೈ ಮುರಿಯಿತು.

ದೇವೀರಮ್ಮ ಕೊಡಲಿ ಹಿಡಿದು ಬಂದಳು. "ಪಾಪಿ ಮರವೇ! ನನ್ನ ಮಗೀನ ಕೆಡವಿದ್ಯಲ್ಲಾ! ನಿನಗೇನು ಕಮ್ಮಿ ಮಾಡಿದ್ದೆ ನಾನು?"

ಏನು ಕಮ್ಮಿ ಮಾಡಿದ್ದಳು ಎಂದು ನುಗ್ಗೆ ಹೇಳಬಹುದಿತ್ತು. ಹೇಳಲಿಲ್ಲ. ಬಿದ್ದವಳು ನಿಂಗಿ; ಇನ್ನು ಯಾರನ್ನು ಬೈದು ಏನು? ಅವತ್ತು ಬಾಯಿ ಮುಚ್ಚಿದ್ದು, ಆಮೇಲೆ ಒಂದು ಮಾತೂ ಆಡಲಿಲ್ಲ.

ದೇವೀರಮ್ಮ ಮರ ಕಡಿದು, ಕೊಂಬೆಗಳನ್ನು ಬೇಲಿಯಾಚೆ ಎಸೆದಳು. ಕೈಗೆ ಕಟ್ಟು ಹಾಕಿಸಿಕೊಂಡ ನಿಂಗಿ ಒಂದು ತುಂಡನ್ನು ಎತ್ತಿಕೊಂಡು ಬಂದು ಹಿತ್ತಿಲಲ್ಲೇ ನೆಟ್ಟಳು. ಕಡಿದ ತುದಿ ಉರಿಯುತ್ತದೇನೋ ಎಂದು ಅದರ ಮೇಲೆ ಒಂದು ಉಂಡೆ ಸಗಣಿ ಮೆತ್ತಿದಳು. ಬೇರೆ ಮರವಾಗಿದ್ದರೆ ಒಣಗಿ ಹೋಗುತ್ತಿತ್ತು. ಅಷ್ಟು ಸಲ ಕಿತ್ತು ನೆಡಿಸಿಕೊಂಡ ನುಗ್ಗೆಗೆ ಎಲ್ಲಿ ಚುಚ್ಚಿದರೂ ಬೇರು ಬಿಡುವುದು ಅಭ್ಯಾಸವಾಗಿತ್ತು. ಅದು ಚಿಗುರಿತು, ಹೂ ಬಿಟ್ಟಿತು, ಕೈಗೊಂದು ಕಾಲಿಗೊಂದು ಎನ್ನುವ ಹಾಗೆ ಕಾಯಿ ಬಿಟ್ಟಿತು. ಚೇಗು ಮಾತ್ರ ಬರಲಿಲ್ಲ.

ನಿಂಗಿಯ ಕೈ ಸೊಟ್ಟಗೇ ಕೂಡಿಕೊಂಡಿತು. ಅವಳಿಗೆ ನುಗ್ಗೆಯ ಮೇಲೆ ಕೋಪವೇನೂ ಇರಲಿಲ್ಲ. ದಿನಾ ಬಂದು ನೀರು ಹಾಕುತ್ತಿದ್ದಳು, ಮಾತಾಡಿಸುತ್ತಿದ್ದಳು. ಆದರೆ ಹತ್ತಲಿಲ್ಲ. ಕಾಯಿ ಬೇಕಾದಾಗ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ ತಂದು ದೂರದಿಂದಲೇ ಕೀಳುತ್ತಿದ್ದಳು.

ಅದಕ್ಕೇ ಪುಟ್ಟೀ, ಇವತ್ತಿಗೂ ನಿಮ್ಮಮ್ಮ ನುಗ್ಗೆಕಾಯಿ ಕೀಳುವಾಗ ದೋಟಿ ಹಿಡಿದು ಕೆಳಗೇ ನಿಲ್ಲುತ್ತಾಳೆ; ಎಲ್ಲ ಮರ ಹತ್ತುವ ಮಕ್ಕಳೂ ನುಗ್ಗೆಯ ಕೊಂಬೆಗೆ ಕಾಲಿಡುವುದಿಲ್ಲ.