ತಾಯಿ ಫೈಲು, ಮರಿ ಫೈಲು

ಶಿರಾ ಬಸ್‌ಸ್ಟ್ಯಾಂಡ್ ಹಿಂದುಗಡೆ ವೀಡಿಯೋಗೇಮ್ ಅಂಗಡಿ ಇಟ್ಕೊಂಡಿದ್ದಾಳಲ್ಲ ಕರಿಯಮ್ಮ, ಅವಳ ಮಗ ಜುಂಜಣ್ಣನ ಕತೆ ಇದು. ನಗೋರು ನಕ್ಕೊಳ್ಳಿ, ಅವಳ ಮುಂದೆ ಮಾತ್ರ ನಗಬೇಡಿ. ಆಳೆತ್ತರ ಬೆಳೆದ ಮಗ, ಮೀಸೆ ಬಂದೈತೆ, ಕೆಟ್ಟ ಚಟ ಒಂದೂ ಇಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ, ಅದೇ ಅವನ ರೋಗ.

ಕರಿಯಮ್ಮನ ಎಡಗಣ್ಣಲ್ಲಿ ಪೊರೆ ಬಲಿತಿತ್ತು. ಸೋಮವಾರ ತುಮಕೂರಿಗೆ ಬಂದು ಆಪರೇಷನ್ ಮಾಡಿಸ್ಕೋ, ಈ ಸಲಾನೂ ತಪ್ಪಿಸಿದ್ರೆ ಕಣ್ಣು ನಿಂದಲ್ಲ ಅಂತ ಡಾಕ್ಟ್ರು ಗದರಿದ್ರು. ಹಿಂದೆಲ್ಲ ತಪ್ಪಿಸಿದ್ದು ಯಾಕೆ ಅಂತೀರಿ? ಈ ಮಗನ ಕೈಗೆ ಅಂಗಡಿ ಬಿಟ್ಟು ಹೋಗೋ ಧೈರ್ಯ ಇರಲಿಲ್ಲ, ಅದಕ್ಕೇ. ಈ ಸಲ ಗಟ್ಟಿ ಮನಸ್ಸು ಮಾಡಿ, ಹೋಗೋದ್ರೊಳಗೆ ಮಗನಿಗೆ ಕೆಲಸ ಕಲಿಸ್ತೀನಿ ಅಂತ ಹೊರಟಳು.

ಅಂಗಡೀಲಿರೋದು ಒಂದೇ ಹಳೇ ಗೇಮ್ ಪೆಟ್ಟಿಗೆ. ಅದರ ಹೊಟ್ಟೇಲಿದ್ದ ಮಿಷನ್ನು ಯಾವತ್ತೋ ಸತ್ತಿತ್ತು, ಪಕ್ಕದ ಮೊಬೈಲ್ ರಿಪೇರಿ ಇರ್ಷಾದ್ ಒಳಗೊಂದು ಕಂಪ್ಯೂಟರ್ ಕೂರಿಸಿಕೊಟ್ಟಿದ್ದ. ಆಟಕ್ಕೊಂದು ಫೈಲು. ಆಟದ ಚೂರುಪಾರನ್ನೆಲ್ಲ ಸೇರಿಸಿ ಗಂಟು ಕಟ್ಟಿದಂಗೆ ಇರುತ್ತೆ ಅದು. ಫೈಲುಗಳು ಕಲಸಿ ಹೋಗಿದ್ವು. ಕರಿಯಮ್ಮ ಮಗನ್ನ ಕೂರಿಸಿ, ಒಂದೊಂದೇ ಬಿಚ್ಚಿ ನೋಡಿ ಜೋಡಿಸೋ ಅಂದಳು. ಬಿಚ್ಚಿದ. ಒಂದು ಗಂಟೂ ಬಿಡದಂಗೆ ಬಿಚ್ಚಿ ಹರಡಿದ. ಒಂದು ಆಟಾನೂ ಏಳಲಿಲ್ಲ. ಇರ್ಷಾದ್ ಬಂದು ಎಲ್ಲಾ ಮತ್ತೆ ಕಟ್ಟಿ ಹೋದ. ಅವ್ವ ಹಣೆ ಹಣೆ ಚಚ್ಚಿಕೊಂಡು, ಮುಚ್ಚಿದ್ದನ್ನ ಮುಚ್ಚಿದಂಗೇ ಇಡಬೇಕು ಕಣೋ, ಬಿಚ್ಚಬಾರದು ಅಂತ ಬೈದಳು. ಆಗಲಿ ಅವ್ವಾ ಅಂದ.

ಸಾಯಂಕಾಲ ಅವ್ವ ಬೆಂಚಿನ ಮೇಲೆ ಮಲಗಿ ಕಣ್ಣಿಗೆ ಔಷಧಿ ಹಾಕು ಅಂದಳು. ಹಾಕಿದ. ಮಾರನೇ ದಿನಾನೂ ಹಾಕಿದ. ಕಣ್ಣು ನೋಡಿದ್ರೆ ಕೆಂಡದಂಗೆ ಉರೀತೈತೆ. ಬಾಟ್ಲಿ ಕಿತ್ಕೊಂಡು ನೋಡಿದ್ರೆ ಸೀಲೇ ಒಡೆದಿಲ್ಲ! ಮುಚ್ಚಿದ ಬಾಟ್ಲೀನೇ ಕಣ್ಣ ಮೇಲೆ ಹಿಡಿದು ಹಿಂಡಿದ್ದಾನೆ ಪುಣ್ಯಾತ್ಮ. "ಅಯ್ಯೋ ನನ್ನ ಕರ್ಮವೇ, ಬೇಕಾಗಿದ್ದು ಒಳಗಿನ ಔಷಧಿ ಕಣೋ. ಮುಚ್ಚಳ ಸೀಲು ಅಂತ ಉಪಯೋಗಕ್ಕೆ ಬಾರದ್ದನ್ನ ತೆಗೆದು ಬಿಸಾಕಬೇಕು" ಅಂತ ಅತ್ತಳು. ಆಗಲಿ ಅವ್ವಾ ಅಂದ.

ಮತ್ತೆ ಕಂಪ್ಯೂಟರ್ ಮುಂದೆ ಕೂತ. ಕಾರಿನ ಆಟ ಒಂದಿತ್ತು, ಅದರಲ್ಲೇ ನಾಕಾರು ಬಗೆ, ಹುಡುಗರಿಗೆ ಅದಂದ್ರೆ ಪ್ರಾಣ. ಅದರ ಮೂಲದ ಫೈಲು ಜಪಾನೀ ಅಕ್ಷರದ್ದು, ಯಾರೂ ಮುಟ್ಟುತಿರಲಿಲ್ಲ. ಉಪಯೋಗಕ್ಕೆ ಬಾರದ್ದು ತಾನೇ? ಅಳಿಸಿ ಹಾಕಿದ. ಹುಡುಗರು ಆಡ್ತಿದ್ದ ಕಾರಿನ ಆಟಗಳೆಲ್ಲ ಒಟ್ಟಿಗೇ ಮಲಗಿದವು.

ಇರ್ಷಾದ್‌ಗೂ ತಲೆ ಕೆಟ್ಟಿತು. ತನ್ನ ಹತ್ರ ಇದ್ದ ನಕಲಿಂದ ಅದನ್ನ ವಾಪಸ್ ಹಾಕಿ, ಅದು ತಾಯಿ ಫೈಲು ಮಾರಾಯಾ ಅಂದ. ಉಳಿದವು ಮರಿಗಳು, ಮರೀಲಿ ಇರೋದು ತನ್ನ ವ್ಯತ್ಯಾಸ ಅಷ್ಟೇ, ಮಿಕ್ಕಿದ್ದೆಲ್ಲ ತಾಯಿ ಹತ್ರಾನೇ ತಗೋಬೇಕು. "ತಾಯಿ ಇಲ್ದೆ ಮರಿ ಏಳಲ್ಲ. ತಾಯೀನ ಇದ್ದ ಜಾಗದಿಂದ ಅಲ್ಲಾಡಿಸಬೇಡ" ಅಂತ ಕಿವಿ ಹಿಂಡಿ ಹೇಳಿದ. ಆಗಲಿ ಅಣ್ಣಾ ಅಂದ ಇವನು.

ಇದನ್ನ ಕೇಳಿ ಕರಿಯಮ್ಮ ಮಗನ ಕಡೆ ನೋಡಿದಳು. ಬೇರೆ ದಾರಿ ಇಲ್ವೇನಪ್ಪಾ ಅಂತ ಕೇಳಿದಳು. ಐತೆ ಅಂದ ಇರ್ಷಾದ್. ತಾಯಿ ಮರಿ ಎಲ್ಲಾನೂ ಒಂದೇ ಗಂಟಲ್ಲಿ ಕಟ್ಟಬಹುದು, ಇಲ್ಲಾ ತಾಯಿ ಹತ್ರ ಇರೋದನ್ನೆಲ್ಲ ಪ್ರತಿ ಮರಿಗೂ ತುಂಬಿಸಬಹುದು, ಜಾಗ ಮಾತ್ರ ಜಾಸ್ತಿ ಹಿಡಿಯುತ್ತೆ. "ತುಂಬಿಸಪ್ಪಾ. ತಾಯಿ ಹೋದ್ರೂ ಮರಿ ತನ್ನ ಪಾಡಿಗೆ ತಾನಿರಬೇಕು" ಅಂದಳು. ಅವಳು ಫೈಲಿನ ಮಾತಷ್ಟೇ ಆಡ್ತಿಲ್ಲ ಅಂತ ಅವನಿಗೂ ಗೊತ್ತಾಯ್ತು. ಕೂತು ಎಲ್ಲಾನೂ ಹಂಗೇ ಜೋಡಿಸಿಕೊಟ್ಟ.

ಸೋಮವಾರ ಬೆಳಿಗ್ಗೆ ಕರಿಯಮ್ಮ ಆಸ್ಪತ್ರೆ ಚೀಟಿ ಇದ್ದ ಚೀಲಾನ ಹೊರಗಿನ ಕಟ್ಟೆ ಮೇಲಿಟ್ಟು, ಕೊನೇ ಸಲ ಆಟ ಹಾಕಿ ನೋಡೋಣ ಅಂತ ಒಳಗೆ ಹೋದಳು. ಹಿಂದಿನಿಂದ ಶಟರ್ ದಡಾರನೆ ಬಿತ್ತು. ಬೀಗ ಹಾಕಿದ ಸದ್ದು.

ಯಾಕೋ ಅಂತ ಕಿರುಚಿದಳು. "ತಾಯೀನ ಅಲ್ಲಾಡಿಸಬೇಡ ಅಂತ ಇರ್ಷಾದಣ್ಣ ಹೇಳವ್ನೆ ಅವ್ವಾ" ಅಂದ ಹೊರಗಿಂದ.

ಸ್ಟ್ಯಾಂಡಲ್ಲಿ ತುಮಕೂರು ಬಸ್ಸು ಸ್ಟಾರ್ಟ್ ಆಗಿತ್ತು. ಕರಿಯಮ್ಮ ಶಟರಿಗೆ ಹಣೆ ಆನಿಸಿ, ಕೋಪ ನುಂಗಿಕೊಂಡು ಮಗೂಗೆ ಹೇಳಿದಂಗೆ ಹೇಳಿದಳು. "ಅದು ಹಳೇ ಜೋಡಣೆ ಕಣಪ್ಪಾ. ಈಗ ತಾಯಿ ಹತ್ರ ಇರೋದೆಲ್ಲ ಮರಿ ಹತ್ರಾನೂ ಐತೆ. ತಾಯಿ ಕೆಲಸಾನೆಲ್ಲ ಮರಿ ಒಂದೇ ಮಾಡುತ್ತೆ. ಬೀಗ ತೆಗಿ ನನ್ನಪ್ಪಾ."

ಹೌದಲ್ವಾ ಅವ್ವಾ ಅಂದ ಮಗ, ಅಷ್ಟೇ. ಚಪ್ಪಲಿ ಸದ್ದು ದೂರ ಆಯ್ತು.

ಇರ್ಷಾದ್ ತನ್ನ ಅಂಗಡಿ ತೆಗೆಯೋಕೆ ಬಂದು, ಈ ಬೀಗ ಒಡೆಯೋ ಹೊತ್ತಿಗೆ ಮಧ್ಯಾಹ್ನ. ಕರಿಯಮ್ಮ ಕತ್ತಲಲ್ಲಿ ಪೆಟ್ಟಿಗೆ ಮುಂದೆ ಕೂತಿದ್ದಳು. ಆಟಗಳೆಲ್ಲ ಒಂದೂ ಕೆಡದೆ ಚೆನ್ನಾಗೇ ನಡೀತಿದ್ವು.

ಮಿಕ್ಕಿದ್ದನ್ನ ನನಗೆ ಹೇಳಿದೋನು ಆ ಬಸ್ಸಿನ ಕಂಡಕ್ಟರ್ರು. ಕಿಟಕಿ ಪಕ್ಕದ ಸೀಟಲ್ಲಿ ಅವ್ವನ ಚೀಲ ತೊಡೆ ಮೇಲಿಟ್ಕೊಂಡು, ಎಡಗಣ್ಣು ಅಂಗೈಲಿ ಮುಚ್ಕೊಂಡು ಕೂತಿದ್ದನಂತೆ. ಎಲ್ಲಿಗಯ್ಯಾ ಅಂದ್ರೆ, ಕಣ್ಣಿನ ಆಪರೇಷನ್ನಿಗೆ ಅಂದನಂತೆ. ನಿನ್ನ ಕಣ್ಣಿಗೇನಾಗೈತೆ ಅಂತ ಕಂಡಕ್ಟರ್ರು ಕೇಳಿದ.

"ನಂದಲ್ಲಣ್ಣಾ, ನಮ್ಮವ್ವಂದು. ನಾನು ಮಾಡಿಸ್ಕೊಂಡು ಬತ್ತೀನಿ, ಅವಳು ಅಲ್ಲಾಡಬಾರದು."